ಪೆಡಲ್ ಇಲ್ಲದ ಸೈಕಲ್ಲೂ ಎಂಟು ತಿಂಗಳ ಭಾನುವಾರಗಳೂ

ಪೆಡಲ್ ಇಲ್ಲದ ಸೈಕಲ್ ಮಾರುವವನಿಗೆ ಜಗಳಕ್ಕೆ ಬರವಿಲ್ಲ. ವಾರಕ್ಕೊಂದಾದರೂ ನಡೆದೇ ನಡೆಯುತ್ತದೆ. ಹದಿನೆಂಟು ವರ್ಷಗಳಿಂದ ನಾನು ಕೋಲ್ಕತ್ತಾದ ಒಂದು ಸೈಕಲ್ ಶೋರೂಮಿನ ಕೌಂಟರಿನಲ್ಲಿ ಕೂತಿದ್ದೇನೆ. ಅಪ್ಪ ರೈಲ್ವೆ ಕೆಲಸಕ್ಕೆಂದು ಧಾರವಾಡದ ಕಡೆಯಿಂದ ಬಂದವರು. ನಾನು ಸಿಯಾಲ್ದಾ ಹತ್ತಿರದ ಗಲ್ಲಿಯಲ್ಲಿ ಬೆಳೆದು, ಅಲ್ಲೇ ಸಂಸಾರ ಹೂಡಿದವನು. ನಮ್ಮ ಅಂಗಡಿಯಲ್ಲಿರುವುದು ಬೆಟ್ಟ ಹತ್ತುವ ದುಬಾರಿ ಸೈಕಲ್ಲುಗಳು. ಕೋಲ್ಕತ್ತಾದಲ್ಲಿ ಬೆಟ್ಟ ಎಲ್ಲಿದೆ ಎಂದು ಕೇಳಬೇಡಿ. ಈ ಊರಿನಲ್ಲಿ ಎತ್ತರ ಅಂತ ಇರುವುದು ಫ್ಲೈಓವರು, ಅಲ್ಲಿಗೆ ಸೈಕಲ್ ಬಿಡುವುದಿಲ್ಲ.

ಈ ಸೈಕಲ್ಲುಗಳಿಗೆ ಎಲ್ಲ ಇರುತ್ತದೆ, ಪೆಡಲ್ ಮಾತ್ರ ಇರುವುದಿಲ್ಲ. ಅದನ್ನು ಕಂಡು ಕಕ್ಕಾಬಿಕ್ಕಿಯಾದ ಗಿರಾಕಿಗಳನ್ನು ನೋಡಿ ನಾನು ಬಹಳ ನಕ್ಕಿದ್ದೇನೆ. ಕೊನೆಗೆ ಆ ನಗುವೇ ಈ ಊರಿನಲ್ಲಿ ನನಗಿದ್ದ ಒಬ್ಬರೇ ಒಬ್ಬ ಕನ್ನಡದ ಗೆಳೆಯರನ್ನು ದೂರ ಮಾಡಿತು. ಆ ಸಂಕಟಕ್ಕೇ ಇದನ್ನೆಲ್ಲ ಬರೆಯಲು ಕೂತದ್ದು.

ಸೀಟಿನ ಪ್ರಶ್ನೆ

ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಬಂಗಾಳಿ ಬಾಬು ಸೈಕಲ್ ಕೊಂಡರು. ಮನೆಗೆ ಕಳಿಸಿಕೊಟ್ಟೆವು. ಮರುದಿನ ಬಾಗಿಲು ತೆರೆಯುವ ಹೊತ್ತಿಗೆ ಅವರು ಮೆಟ್ಟಿಲ ಮೇಲಿದ್ದರು, ಜೊತೆಗೆ ಅವರ ಬೀದಿಯ ಕ್ಲಬ್ಬಿನ ಕಾರ್ಯದರ್ಶಿ. ಈ ಊರಿನಲ್ಲಿ ಪೊಲೀಸರಿಗಿಂತ ಮೊದಲು ಬರುವುದು ಬೀದಿಯ ಕ್ಲಬ್ಬು.

"ಪೆಡಲ್ ಎಲ್ಲಿ?" ಎಂದರು ಕಾರ್ಯದರ್ಶಿ.

"ಇರುವುದಿಲ್ಲ ದಾದಾ."

"ಇರುವುದಿಲ್ಲವೋ, ಇರಿಸಲಿಲ್ಲವೋ?"

ನಾನು ನನ್ನ ಪಾಠ ಶುರು ಮಾಡಿದೆ. ಇಷ್ಟು ದುಬಾರಿ ಸೈಕಲ್ ಕೊಳ್ಳುವವರು ಹಳೆಯ ಸವಾರರು. ಒಬ್ಬರಿಗೆ ಬೂಟು ಕಚ್ಚಿ ಹಿಡಿಯುವ ಪೆಡಲ್ ಬೇಕು, ಆ ಬೂಟಿಗೆ ಅದೇ ಜಾತಿಯ ಪೆಡಲ್ಲೇ ಆಗಬೇಕು. ಇನ್ನೊಬ್ಬರಿಗೆ ಮುಳ್ಳು ಮುಳ್ಳಾಗಿರುವ ಅಗಲ ಪೆಡಲ್ ಬೇಕು. ಕಂಪನಿ ಯಾವುದನ್ನು ಹಾಕಿ ಕೊಟ್ಟರೂ ಅರ್ಧ ಜನ ಕಿತ್ತು ಮೂಲೆಗೆ ಎಸೆಯುತ್ತಾರೆ. ಅದಕ್ಕೆ ಹಾಕುವುದೇ ಇಲ್ಲ. ಅವರವರ ಕಾಲು, ಅವರವರ ಪೆಡಲ್.

ಕಾರ್ಯದರ್ಶಿ ಗಡ್ಡ ಕೆರೆದುಕೊಳ್ಳುತ್ತ ಎಲ್ಲ ಕೇಳಿಸಿಕೊಂಡರು. ನಂತರ ಅಂಗಡಿಯ ತುಂಬ ನಿಂತಿದ್ದ ಸೈಕಲ್ಲುಗಳ ಮೇಲೆ ಕಣ್ಣಾಡಿಸಿ ಕೇಳಿದರು, "ಹಾಗಾದರೆ ಸೀಟು ಯಾಕೆ ಹಾಕಿದ್ದೀರಿ ಮೊಶಾಯ್? ನಮ್ಮೆಲ್ಲರ ಕಾಲು ಬೇರೆ ಬೇರೆ, ಹಿಂಭಾಗ ಮಾತ್ರ ಒಂದೇ ಅಳತೆಯೇ?"



ಇಳಿಯಲಾರದವರು

ಒಬ್ಬ ಎಂಜಿನಿಯರ್ ಸಾಹೇಬರು ನನ್ನ ಪಾಠ ಕೇಳಿ ಮರುಳಾಗಿ, ಬೂಟು ಕಚ್ಚುವ ಪೆಡಲ್ಲನ್ನೇ ಹಾಕಿಸಿಕೊಂಡರು. ಬೂಟನ್ನೂ ಕೊಂಡರು. ಮುಂಗಾಲು ಒತ್ತಿದರೆ ಟಕ್ ಎಂದು ಕಚ್ಚಿಕೊಳ್ಳುತ್ತದೆ, ಬಿಡಿಸಿಕೊಳ್ಳಲು ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು. ಕಚ್ಚಿಸುವುದನ್ನು ನಾನು ಹೇಳಿಕೊಟ್ಟೆ. ಬಿಡಿಸುವುದನ್ನು ಹೇಳುವಷ್ಟರಲ್ಲಿ ಚಹಾ ಬಂತು.

ಮೊದಲ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಸಾಹೇಬರು ಬ್ರೇಕು ಹಿಡಿದು ನಿಂತರು, ಒಂದು ಕ್ಷಣ ನಿಂತೇ ಇದ್ದರು, ನಂತರ ನಿಧಾನವಾಗಿ, ಕಡಿದ ಬಾಳೆಗಿಡ ಒರಗಿದ ಹಾಗೆ, ಬಲಕ್ಕೆ ಒರಗಿದರು. ಜನ ಹೃದಯಾಘಾತವೆಂದು ಓಡಿಬಂದು ಮುಖಕ್ಕೆ ನೀರು ಚಿಮುಕಿಸಿದರು. ಟ್ರಾಫಿಕ್ ಸಾರ್ಜೆಂಟ್ ಬಂದು ಗದರಿದರಂತೆ: "ದಾರಿಗೆ ಅಡ್ಡ ಮಲಗಿದ್ದೀರಲ್ಲ, ಮೊದಲು ಸೈಕಲ್ಲಿನಿಂದ ಇಳಿಯಿರಿ!"

"ಇಳಿಯಲು ಬರುತ್ತಿದ್ದರೆ ಬೀಳುತ್ತಿದ್ದೆನೇ?" ಎಂದರಂತೆ ಸಾಹೇಬರು, ಮಲಗಿದಲ್ಲಿಂದಲೇ.

ಮಣಿಕಟ್ಟಿಗೆ ಪ್ಲಾಸ್ಟರ್ ಬಿತ್ತು. ನೋಡಲು ಹೋದೆ. ಪುಣ್ಯಾತ್ಮರು ಬೈಯಲಿಲ್ಲ, ಎಡಗೈಯಿಂದ ಸಂದೇಶ್ ಮಿಠಾಯಿಯ ತಟ್ಟೆಯನ್ನು ಮುಂದೆ ತಳ್ಳಿದರು. ಚಹಾ ಬರುವ ಮೊದಲು ಇನ್ನೊಂದು ಮಾತು ಹೇಳಿದ್ದರೆ ಆ ಮನುಷ್ಯ ಆರು ವಾರ ಎಡಗೈಯಲ್ಲಿ ಉಣ್ಣುವುದು ತಪ್ಪುತ್ತಿತ್ತು. ಹೊರಡುವಾಗ ಅವರ ಹೆಂಡತಿ ಬಾಗಿಲವರೆಗೆ ಬಂದು ಮೆಲ್ಲಗೆ ಕೇಳಿದರು, "ಆ ಬೂಟು ಇನ್ನೂ ಸೈಕಲ್ಲಿನಲ್ಲೇ ಇದೆ. ಅದನ್ನು ತೆಗೆಯುವ ಮಂತ್ರ ಯಾವುದು?"

ನಿಂಬೆಹಣ್ಣು

ಈಗ ನನ್ನ ಗೆಳೆಯರ ವಿಷಯ. ಅವರು ಮೈಸೂರಿನವರು, ಬಾರಾನಗರದ ಸಂಶೋಧನಾ ಸಂಸ್ಥೆಯಲ್ಲಿ ಪ್ರೊಫೆಸರ್. ನಾನು ಕರೆಯುವುದು ಮೇಷ್ಟ್ರು ಅಂತ. ಪ್ರತಿ ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಸಿಯಾಲ್ದಾ ಮಾರುಕಟ್ಟೆಯಲ್ಲಿ ತರಕಾರಿ ಕೊಂಡು ನಮ್ಮ ಮನೆಗೆ ಬರುತ್ತಿದ್ದರು. ನನ್ನ ಹೆಂಡತಿಯ ಉಪ್ಪಿಟ್ಟು, ಆಮೇಲೆ ಮಧ್ಯಾಹ್ನದವರೆಗೆ ಮಾತು. ವಾರವೆಲ್ಲ ಹಿಂದಿ, ಬಂಗಾಳಿಯಲ್ಲಿ ಬಾಯಿ ನೋಯಿಸಿಕೊಂಡ ನನಗೆ ಅದೊಂದು ದಿನ ಹೊಟ್ಟೆ ತುಂಬ ಕನ್ನಡ.

ಮೇಷ್ಟ್ರಿಗೆ ವೈದ್ಯರು ವ್ಯಾಯಾಮ ಹೇಳಿದರು. ನಾನೇ ಹುರಿದುಂಬಿಸಿ ಬೆಟ್ಟದ ಸೈಕಲ್ ಕೊಳ್ಳಿಸಿದೆ. ನಮ್ಮ ಅಂಗಡಿಯಲ್ಲಿ ಓಡಿಸಿ ನೋಡುವವರಿಗೆಂದೇ ಒಂದು ಜೊತೆ ಪ್ಲಾಸ್ಟಿಕ್ ಪೆಡಲ್ ಇದೆ. ಪರೀಕ್ಷೆಗೆ ಹಾಕುವುದು, ಮಾರಾಟವಾದ ಮೇಲೆ ಬಿಚ್ಚಿ ಡ್ರಾಯರಿಗೆ ಸೇರಿಸುವುದು. ಅದು ಪದ್ಧತಿ. ಮೇಷ್ಟ್ರಿಗೆ ಇದನ್ನು ಹೇಳಿರಲಿಲ್ಲ.

ಸೈಕಲ್ ಒಯ್ಯುವ ದಿನ ಮೇಷ್ಟ್ರ ಹೆಂಡತಿ ಅಂಗಡಿಗೆ ಅರಿಶಿನ, ಕುಂಕುಮ, ಊದುಬತ್ತಿ, ತೆಂಗಿನಕಾಯಿ ಎಲ್ಲ ತಂದಿದ್ದರು. ಹ್ಯಾಂಡಲ್ಲಿಗೆ ಹೂವು ಸುತ್ತಿದರು. ಪರೀಕ್ಷೆಗೆ ಹಾಕಿದ್ದ ಆ ಪೆಡಲ್ಲುಗಳಿಗೂ ಕುಂಕುಮ ಹಚ್ಚಿದರು. ಎರಡು ಚಕ್ರದ ಕೆಳಗೆ ಎರಡು ನಿಂಬೆಹಣ್ಣಿಟ್ಟು, "ಹತ್ರೀ, ಬಲಗಾಲು ಮೊದಲು" ಎಂದರು.

ಆ ಗಳಿಗೆಯಲ್ಲಿ ನಾನು, "ಒಂದು ನಿಮಿಷ" ಎಂದೆ. ನಮ್ಮ ರಿಪೇರಿ ಮಿಸ್ತ್ರಿ ಸ್ಪ್ಯಾನರ್ ತಂದ. ಕುಂಕುಮದ ಸಮೇತ ಎರಡೂ ಪೆಡಲ್ ಡ್ರಾಯರಿಗೆ ಹೋದವು.

"ಇದೇನ್ರೀ! ಪೂಜೆ ಆದ ಗಾಡಿ ಕಾಲು ಕಿತ್ರಲ್ಲ!" ಎಂದು ಆಕೆ ಬಾಯಿ ಮೇಲೆ ಕೈಯಿಟ್ಟುಕೊಂಡರು.

ಮೇಷ್ಟ್ರು ಪಾಪ, ಹೆಂಡತಿಯ ಸಮಾಧಾನಕ್ಕೆ ಸೀಟಿನ ಮೇಲೆ ಕೂತು, ನೆಲಕ್ಕೆ ಕಾಲು ಕೊಟ್ಟು ಮುಂದಕ್ಕೆ ತಳ್ಳಿಕೊಂಡರು. ದಪ್ಪ ಟೈರಿಗೆ ಮುಂದಿನ ನಿಂಬೆಹಣ್ಣು ಜಜ್ಜಿಹೋಗಲಿಲ್ಲ, ಪುಳಕ್ಕೆಂದು ಜಾರಿ, ಮೆಟ್ಟಿಲಿಳಿದು, ರಸ್ತೆಗೆ ಉರುಳಿತು. ಅಲ್ಲಿ ಹೋಗುತ್ತಿದ್ದ ಹಳದಿ ಟ್ಯಾಕ್ಸಿಯೊಂದು ಅದನ್ನು ಚಕ್ರದಡಿ ಚೆನ್ನಾಗಿ ಜಜ್ಜಿಕೊಂಡು ಹೋಯಿತು. ಪೂಜೆ ನಮ್ಮದು, ಫಲ ಟ್ಯಾಕ್ಸಿಯವನಿಗೆ.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕಿದ್ದು ಸಾಲದೆಂದು ಎಲ್ಲ ಗಿರಾಕಿಗಳೆದುರು ಪಾಠವನ್ನೂ ಹೇಳಿದೆ. "ಮೇಷ್ಟ್ರೇ, ಮೊದಲು ನೀವು ಯಾವ ಶೈಲಿಯಲ್ಲಿ ಓಡಿಸುತ್ತೀರಿ ಹೇಳಿ. ಅದಕ್ಕೆ ತಕ್ಕ ಪೆಡಲ್ ತರಿಸೋಣ."

"ರಸ್ತೆ ಎಡಗಡೆ ಓಡಿಸ್ತೀನಿ" ಎಂದರು ಅವರು.

ನಾನು ಮತ್ತೆ ನಕ್ಕೆ. "ಏನೇ ಮಾಡಿ, ಬೀದಿ ಬದಿಯ ಪೆಡಲ್ ಮಾತ್ರ ಹಾಕಿಸಬೇಡಿ. ರೇಷ್ಮೆ ಪಂಚೆಗೆ ಗೋಣಿಚೀಲದ ತೇಪೆ ಹಾಕಿದ ಹಾಗಾಗುತ್ತದೆ."

ಗಂಡ ಹೆಂಡತಿ ಹೊಸ ಸೈಕಲ್ಲನ್ನು ತುಳಿದು ಓಡಿಸುವ ಮೂರು ಚಕ್ರದ ಸೈಕಲ್ ವ್ಯಾನಿನ ಮೇಲೆ ಮಲಗಿಸಿ ಮನೆಗೆ ಹೊರಟರು. ಪೆಡಲ್ ಇದ್ದದ್ದು ಪೆಡಲ್ ಇಲ್ಲದ್ದನ್ನು ಹೊತ್ತುಕೊಂಡು ಹೋಯಿತು.

ಹೆಚ್ಚಾದ ಉಪ್ಪಿಟ್ಟು

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಫೋನೂ ಇಲ್ಲ.

"ನೀವರ ಒಂದ್ ಫೋನ್ ಮಾಡ್ರಿ" ಎಂದಳು ಹೆಂಡತಿ.

"ನಂದೇನ ತಪ್ಪು? ಅಂಗಡಿ ಪದ್ಧತಿ ಅದು."

"ಅಂಗಡಿ ಪದ್ಧತಿ ಅಂತ ನಗೂದೂ ಐತೇನು?"

ತಪ್ಪು ನನ್ನದೆಂದು ನನಗೆ ಮೊದಲ ವಾರವೇ ಗೊತ್ತಾಗಿತ್ತು, ಫೋನಿಗೆ ಕೈ ಮಾತ್ರ ಹೋಗಲಿಲ್ಲ. ಒಣ ಜಂಬ. ಹೆಂಡತಿ ಅಭ್ಯಾಸಬಲದಿಂದ ನಾಲ್ಕು ಜನರ ಉಪ್ಪಿಟ್ಟು ಮಾಡುತ್ತಿದ್ದಳು, ಸೋಮವಾರವೂ ಅದನ್ನೇ ತಿನ್ನುತ್ತಿದ್ದೆವು. ಮನೆಯಲ್ಲಿ ಕನ್ನಡಕ್ಕೆ ಉಳಿದವರು ನಾವಿಬ್ಬರೇ. ಮದುವೆಯಾಗಿ ಇಪ್ಪತ್ತಾರು ವರ್ಷವಾದ ಮೇಲೆ ಗಂಡ ಹೆಂಡತಿಯ ನಡುವೆ ಹೊಸದಾಗಿ ಆಡಲು ಉಳಿದ ಕನ್ನಡವಾದರೂ ಎಷ್ಟು? "ಉಪ್ಪಿಟ್ಟು ಮತ್ತ ಉಳೀತು" ಎನ್ನುವುದೊಂದೇ.

ಎಡಗಡೆಯ ಪೆಡಲ್

ಎಂಟು ತಿಂಗಳಾದ ಮೇಲೆ ನನ್ನ ಜಂಬ ಸೋತಿತು. ಒಂದು ಜೊತೆ ಅಗಲದ ಅಲ್ಯೂಮಿನಿಯಂ ಪೆಡಲ್ ಕೊಂಡು, ಬಣ್ಣದ ಕಾಗದದಲ್ಲಿ ಸುತ್ತಿ, ಭಾನುವಾರ ಬೆಳಿಗ್ಗೆ ಬಾರಾನಗರದ ಬಸ್ಸು ಹತ್ತಿದೆ.

ಅವರ ಗೇಟಿನಲ್ಲಿ ಲಾರಿ ನಿಂತಿತ್ತು. ಅಂಗಳದ ತುಂಬ ರಟ್ಟಿನ ಪೆಟ್ಟಿಗೆಗಳು. ಮೇಷ್ಟ್ರು ನಿವೃತ್ತರಾಗಿದ್ದರು, ಅಂದೇ ಮೈಸೂರಿಗೆ ಹೊರಟಿದ್ದರು. ನನ್ನನ್ನು ಕಂಡದ್ದೇ ಅವರು ಗಾಬರಿಯಿಂದ ಗೋಡೆಯ ಕಡೆ ಓಡಿ, ಪಂಚೆಯನ್ನು ಎರಡೂ ಕೈಯಲ್ಲಿ ಅಗಲಿಸಿ ನಿಂತರು. ಏನನ್ನೋ ಮರೆಮಾಡುತ್ತಿದ್ದರು. ನಾನೂ ನಾಚಿಕೆಯಿಂದ ಪೊಟ್ಟಣವನ್ನು ಬೆನ್ನ ಹಿಂದೆ ಹಿಡಿದುಕೊಂಡೆ.

ಪಂಚೆಯ ಪಕ್ಕದಿಂದ ಸೈಕಲ್ ಕಾಣಿಸಿತು. ಅದಕ್ಕೆ ಕಪ್ಪು ರಬ್ಬರಿನ, ಬೀದಿ ಬದಿಯ ಕಬ್ಬಿಣದ ಪೆಡಲ್ಲುಗಳಿದ್ದವು.

"ಬೇಜಾರು ಮಾಡ್ಕೋಬೇಡಿ ಇವ್ರೇ" ಎಂದರು ಮೇಷ್ಟ್ರು ತಲೆ ತಗ್ಗಿಸಿ. "ಗೋಣಿ ತೇಪೆ ಹಾಕ್ಬಿಟ್ಟೆ. ಮಾರನೇ ದಿನಾನೇ ಮೂಲೆ ಅಂಗಡಿಯವನ ಹತ್ರ ಹಾಕಿಸ್ಬಿಟ್ಟೆ. ನಿಮಗೆ ಯಾವ ಮುಖ ತೋರಿಸ್ಲಿ ಅಂತ ಬರಲಿಲ್ಲ."

"ನೀವು ನನ್ನ ಮೇಲೆ ಸಿಟ್ಟಾಗಿರಲಿಲ್ಲವೇ?"

"ನಾನ್ಯಾಕೆ ಸಿಟ್ಟಾಗ್ಲಿ? ನೀವು ಸಿಟ್ಟಾಗ್ತೀರಿ ಅಂತ ನಾನಿದ್ದೆ."

ಅವರ ಹೆಂಡತಿ ಒಳಗಿನಿಂದಲೇ ಕೂಗಿದರು, "ಕೇಳಿ ಅವರನ್ನ! ಪ್ರತಿ ಭಾನುವಾರ ಸೈಕಲ್ಲಲ್ಲಿ ನಿಮ್ಮ ಗಲ್ಲಿ ತನಕ ಹೋಗಿ, ಒಗ್ಗರಣೆ ವಾಸನೆ ಕುಡ್ಕೊಂಡು ವಾಪಸ್ ಬರ್ತಿದ್ರು."

ನಾನು ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ನಾವು ಮಹಡಿಯ ಮೇಲೆ ನಾಲ್ಕು ಜನರ ಉಪ್ಪಿಟ್ಟು ಮುಂದಿಟ್ಟುಕೊಂಡು ಕೂತಿದ್ದಾಗ ಈ ಮನುಷ್ಯ ಕೆಳಗೆ ಗಲ್ಲಿಯಲ್ಲಿದ್ದರು. ಒಂದು ಸಲ ಕಿಟಕಿಯಿಂದ ಇಣುಕಿದ್ದರೆ ಸಾಕಿತ್ತು.

ಲಾರಿಯವರು ಅವಸರ ಮಾಡಿದರು. ಸೈಕಲ್ಲನ್ನು ಪೆಟ್ಟಿಗೆಗೆ ಹಾಕಬೇಕಾದರೆ ಪೆಡಲ್ ಬಿಚ್ಚಬೇಕು. ಕೊನೆಯದಾಗಿ ಇದೊಂದು ಉಪಕಾರವಾದರೂ ಮಾಡೋಣವೆಂದು ನಾನೇ ಸ್ಪ್ಯಾನರ್ ಕೈಗೆತ್ತಿಕೊಂಡೆ. ಬಲಗಡೆಯದು ಸುಲಭವಾಗಿ ಬಂತು. ಎಡಗಡೆಯದು ಜಪ್ಪಯ್ಯ ಅನ್ನಲಿಲ್ಲ. ನಾನು ಜೋತುಬಿದ್ದೆ. ಮೇಷ್ಟ್ರು ನನ್ನ ಸೊಂಟ ಹಿಡಿದು ಎಳೆದರು. ಲಾರಿಯವರಿಬ್ಬರೂ ಸೇರಿಕೊಂಡರು. ಕಡೆಗೆ ನಮ್ಮ ಮಿಸ್ತ್ರಿಗೆ ಫೋನ್ ಮಾಡಿದೆ.

"ಎಡಗಡೆಯದು ಉಲ್ಟಾ ತಿರುಗುತ್ತದೆ ದಾದಾ" ಎಂದ ಅವನು. "ಇಷ್ಟು ಹೊತ್ತು ನೀವು ಬಿಗಿ ಮಾಡಿದ್ದೀರಿ."

ಹದಿನೆಂಟು ವರ್ಷ ಪೆಡಲ್ ಮೇಲೆ ಭಾಷಣ ಮಾಡಿದವನಿಗೆ ಅದು ಗೊತ್ತಿರಲಿಲ್ಲ. ಆಮೇಲೆ ಉಲ್ಟಾ ತಿರುಗಿಸಿದರೂ ನಾಲ್ವರು ಬಿಗಿದದ್ದು ಸಡಿಲಲಿಲ್ಲ. ನಾನು ತಂದ ಹೊಸ ಪೆಡಲ್ಲಿನ ಪೊಟ್ಟಣವನ್ನು ಮೇಷ್ಟ್ರ ಕೈಗಿಟ್ಟೆ. ಪೆಟ್ಟಿಗೆಗೆ ತೂತು ಕೊರೆದು, ಒಂದು ಪೆಡಲ್ ಹೊರಗೆ ಚಾಚಿಕೊಂಡಂತೆಯೇ ಸೈಕಲ್ ಮೈಸೂರಿಗೆ ಹೋಯಿತು. ಲಾರಿ ತಿರುವಿನಲ್ಲಿ ಮರೆಯಾಗುವವರೆಗೆ ಅದು ಕಾಣುತ್ತಿತ್ತು.

ಕಳೆದ ಭಾನುವಾರ ಮೇಷ್ಟ್ರ ಫೋನ್ ಬಂತು. "ನಿಮ್ಮ ಪೆಡಲ್ ಬಲಗಾಲಿಗೆ ಹಾಕ್ಕೊಂಡಿದೀನಿ. ಎಡಗಡೆ ಕಬ್ಬಿಣದ್ದು ಯಾರಿಗೂ ಬಗ್ತಿಲ್ಲ. ಮೂರು ಅಂಗಡಿಯವರು ಕೈ ಬಿಟ್ರು. ಬಿಗಿದವರೇ ಬಂದು ಬಿಚ್ಚಬೇಕಂತೆ. ಯಾವಾಗ ಬರ್ತೀರಿ?"

ಮಾಲೀಕರ ಹತ್ತಿರ ರಜೆ ಕೇಳಿದೆ. ಒಂದು ಪೆಡಲ್ ಬಿಚ್ಚಲು ಮೈಸೂರಿಗೆ ಹೋಗುತ್ತೇನೆಂದೆ. ಬಾರಾನಗರದ ಕಥೆಯನ್ನು ಮಿಸ್ತ್ರಿ ಅವರಿಗೆ ಆಗಲೇ ಹೇಳಿದ್ದ. "ಹೋಗಿ. ಆದರೆ ಈ ಸಲ ಯಾವ ಕಡೆ ತಿರುಗಿಸಬೇಕೆಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ" ಎಂದರು.

ಮನೆಗೆ ಬಂದು ಚೀಟಿ ಬರೆಯಲು ಕೂತೆ. ಹೆಂಡತಿ ಪೆನ್ನು ಕಸಿದುಕೊಂಡಳು.

"ಬರಕೋಬ್ಯಾಡ್ರಿ. ಹೋದ ಕೂಡಲೇ ನೆಟ್ಟಗ ಬಿಚ್ಚಿಬಿಟ್ರ, ಮಧ್ಯಾಹ್ನದ ರೈಲಿಗೇ ಹೊಳ್ಳಿ ಕಳಸ್ತಾರ."