ಕೆಂಪು ಜೋಳದ ವಿದ್ಯಾದಾನ

ಗಂಡ ಸತ್ತವಳಿಗೆ ಎಲ್ಲರೂ ಏನಾದರೊಂದು ಕೊಡಲು ಬರುತ್ತಾರೆ. ಕುರುಗೋಡಿನ ಕೊಟ್ರಬಸಮ್ಮನಿಗೆ ಎಲ್ಲರೂ ಕೊಡಲು ಬಂದದ್ದು ಒಲೆ. ಅತ್ತೆ ತನ್ನ ಒಲೆ ಕೊಟ್ಟಳು. ತಮ್ಮ ಬೇರೆ ಒಲೆ ಹಾಕಿಸಿ ಕೊಡುತ್ತೇನೆಂದ. ಆಕೆ ಕೇಳಿದ್ದು ಓದಿನ ಫೀಜು.

ಗಂಡ ಮರಿಬಸಪ್ಪ ಒಬ್ಬನೇ ಮಾಸ್ತರನಿದ್ದ ಶಾಲೆಯ ಮಾಸ್ತರ. (ಹೆಡ್ ಮಾಸ್ತರನೂ ಅವನೇ, ಗಂಟೆ ಹೊಡೆಯುವವನೂ ಅವನೇ. ಆದರೂ ರಜೆ ಬೇಕಾದಾಗ ತನ್ನನ್ನು ತಾನೇ ಕೇಳಲು ಹೆದರುತ್ತಿದ್ದ.) ಮಕ್ಕಳಾಗಲಿಲ್ಲ. ಸಂಜೆ ಹೊತ್ತು ಹೋಗಲೆಂದು ಹೆಂಡತಿಗೆ ಅಕ್ಷರ ಕಲಿಸಿದ. ಕಲಿಸುತ್ತ ಕಲಿಸುತ್ತ ಎಂಟನೆಯ ಕ್ಲಾಸಿನ ಪರೀಕ್ಷೆಗೂ ಕೂರಿಸಿದ. ಆಕೆ ಪಾಸಾದಳು.

“ಬಳ್ಳಾರಿ ಟ್ರೇನಿಂಗ್ ಸಾಲಿಗಿ ಹೋಗಿ ನೀನೂ ಟೀಚರ್ ಆಗು. ಇಬ್ರೂ ಕೂಡೇ ಸಾಲಿಗಿ ಹೋಗೂಣು” ಅಂದ.

ಅಂದವನು ಆ ಬೇಸಿಗೆಯಲ್ಲಿ ವಾಂತಿಭೇದಿಗೆ ತುತ್ತಾದ. ಇವತ್ತು ಮಗ್ಗಿ ಹೇಳಿಸಿದವನು ನಾಳೆ ಇರಲಿಲ್ಲ. ಮಣ್ಣು ಮಾಡಿ ಬಂದರು. ಆ ಮೇಲೆ ಆಕೆಗೆ ಉಳಿದದ್ದು ಅವನ ಮಾತೊಂದೇ. ಎರಡು ವರ್ಷ ಟ್ರೇನಿಂಗು ಮುಗಿಸಿದರೆ ನೌಕರಿ. ಮುಗಿಸದಿದ್ದರೆ ಅತ್ತೆಯ ಒಲೆ, ಸಾಯುವ ತನಕ.

ಅತ್ತೆ ವಿರೂಪಮ್ಮ ಇದನ್ನು ಕೇಳಿದ್ದೇ ತಡ, ಓಣಿಗೆಲ್ಲ ಕೇಳುವಂತೆ ಬಾಯಿ ಮಾಡಿದಳು.

“ಮೂವತ್ತು ದಾಟಿದ ಹೆಂಗಸು ಪಾಟಿ ಹಿಡ್ಕೊಂಡು ಸಾಲಿಗಿ ಹೊಂಟಾಳಂತ! ಅಲ್ಲಿ ಹುಡುಗ್ಯಾರು ನಿನ್ನ ಅವ್ವಾ ಅಂತ ಕರದ್ರ ಏನು ಮಾಡ್ತಿ?”

“ಓ ಅಂತೀನತ್ತಿ. ಇಲ್ಲಿ ಯಾರೂ ಕರೀಲಿಲ್ಲಲ್ಲ.”

ಮಗ ಹೋದ ದುಃಖ ವಿರೂಪಮ್ಮನಿಗೂ ಇತ್ತು. ಸೆರಗಿನಿಂದ ಮೂಗು ಒರೆಸಿಕೊಂಡು, “ಅದಿರ್ಲಿ, ರೊಟ್ಟಿ ಯಾರು ಬಡೀಬೇಕು?” ಅಂದಳು. ಅಸಲು ಮಾತು ಅದೇ ಆಗಿತ್ತು.

ರೊಟ್ಟಿಯ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಎರಡನೆಯ ಮಹಾಯುದ್ಧ ಮುಗಿದಿತ್ತು, ರೇಷನ್ನು ಮುಗಿದಿರಲಿಲ್ಲ. ನಮ್ಮ ಬಿಳಿಜೋಳ ಎಲ್ಲಿ ಹೋಯಿತೋ, ರೇಷನ್ ಅಂಗಡಿಯಲ್ಲಿ ಹಡಗಿನ ಮೇಲೆ ಬಂದ ಕೆಂಪು ಜೋಳ ಕೊಡುತ್ತಿದ್ದರು. ಆ ಹಿಟ್ಟಿಗೆ ಜಿಗಿಯೇ ಇಲ್ಲ. ಬಡಿದರೆ ಸೀಳುತ್ತದೆ, ಎತ್ತಿದರೆ ಮುರಿಯುತ್ತದೆ, ಹೆಂಚಿಗೆ ಹಾಕಿದರೆ ಬೂದಿಯಾಗುತ್ತದೆ. ಜಿಲ್ಲೆಯ ಹೆಂಗಸರೆಲ್ಲ ಆ ಜೋಳ ಬೆಳೆದವನಿಗೆ ಶಾಪ ಹಾಕುತ್ತಿದ್ದರು. ಕೊಟ್ರಬಸಮ್ಮನ ಕೈಯಲ್ಲಿ ಮಾತ್ರ ಅದು ಹೇಳಿದಂತೆ ಕೇಳುತ್ತಿತ್ತು. ಕುದಿಯುವ ಎಸರು ಹಾಕಿ, ನಾದಿ, ನಾದಿ, ಬಡಿದಳೆಂದರೆ ಹುಣ್ಣಿಮೆಯ ಚಂದ್ರ. ಯಾಕೆ ಹಾಗೆ ಬರುತ್ತದೆ ಎಂದು ಆಕೆಗೇ ಗೊತ್ತಿರಲಿಲ್ಲ. ಆ ಕೈ ಯಾರಿಗಾದರೂ ಕೊಡುವಂತಿದ್ದರೆ ಮೂಟೆ ಕಟ್ಟಿ ಕೊಟ್ಟುಬಿಡುತ್ತಿದ್ದಳು.

ಫೀಜು ಕೇಳಲು ಮೊದಲು ಸಿರುಗುಪ್ಪಕ್ಕೆ ಹೋದಳು. ಅಲ್ಲಿ ತಮ್ಮ ಕೊಟ್ಟೂರಪ್ಪ ಗದ್ದೆ ಮಾಡಿಕೊಂಡು ಸುಖವಾಗಿದ್ದ. ಆಗ ಪೆಟ್ರೋಲಿಲ್ಲದೆ ಇದ್ದಿಲಿನ ಬಸ್ಸು. ಹಿಂದೆ ಒಂದು ಒಲೆ ಕಟ್ಟಿಕೊಂಡು ಓಡುತ್ತಿತ್ತು. (ಒಲೆ ಆಕೆಯನ್ನು ಬಸ್ಸಿನಲ್ಲೂ ಬಿಡಲಿಲ್ಲ.) ಏರು ಬಂದಾಗ ಎಲ್ಲರೂ ಇಳಿದು ನೂಕಿದರು. ಕೊಟ್ರಬಸಮ್ಮನೂ ನೂಕಿದಳು.

ತಮ್ಮ ಅಕ್ಕರೆಯಿಂದ ಉಣಬಡಿಸಿದ. ಉಂಡ ಮೇಲೆ ಹೇಳಿದ:

“ಅಕ್ಕಾ, ಓದುಗೀದು ಯಾಕ? ಇಲ್ಲೇ ಇದ್ದುಬಿಡು. ನಿನಗಂತ ಬ್ಯಾರೆ ಒಲಿ ಹಾಕಿಸಿ ಕೊಡ್ತೀನಿ. ನಮ್ಮಾಕಿಗೂ ರಟ್ಟಿ ನೋವು.”

“ಒಲಿ ನಮ್ಮೂರಾಗ ಇತ್ತಲ್ಲೋ. ಅದಕ್ಕ ಬಸ್ಸು ನೂಕಿಕೊಂತ ಇಲ್ಲೀತನಕ ಬರಬೇಕಾಗಿತ್ತೇನು? ಫೀಜಿನ ಮಾತು ಹೇಳು.”

ಕೊಟ್ಟೂರಪ್ಪ ತಲೆಯೆತ್ತಿ ತೊಲೆ ನೋಡಿದ. “ನೆಲ್ಲು ಮಾರಿದ ಮ್ಯಾಲ ನೋಡೂಣಕ್ಕಾ.”

“ಯಾವ ವರ್ಷದ ನೆಲ್ಲು?”

ತಮ್ಮ ವರ್ಷದ ಬದಲಿಗೆ ಒಂದು ಹೆಸರು ಕೊಟ್ಟ. ಬಳ್ಳಾರಿಯ ಹತ್ತಿ ಸಾಹುಕಾರ ಚಿದಾನಂದಪ್ಪ. ಓದುವವರಿಗೆಂದು ಒಂದು ವಿದ್ಯಾದಾನದ ನಿಧಿ ಇಟ್ಟಿದ್ದಾನೆ, ಹಳ್ಳಿ ಹುಡುಗರಿಗೆ ಪುಕ್ಕಟೆ ಊಟ ವಸತಿಯ ಬೋರ್ಡಿಂಗು ನಡೆಸುತ್ತಾನೆ, ಹೋಗಿ ಕೇಳು ಅಂದ.

ದೊಡ್ಡವರ ಮನೆಗೆ ಬರಿಗೈಯಲ್ಲಿ ಹೋಗುವ ರೂಢಿ ನಮ್ಮ ಕಡೆ ಇಲ್ಲ. ಕೊಟ್ರಬಸಮ್ಮನ ಹತ್ತಿರ ಹಣ್ಣಿಲ್ಲ, ಕಾಯಿಲ್ಲ. ತಮ್ಮನ ಮನೆಯ ಕೆಂಪು ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದು, ಶೇಂಗಾ ಚಟ್ನಿಪುಡಿ ಇಟ್ಟು, ಬಟ್ಟೆಯಲ್ಲಿ ಬುತ್ತಿ ಕಟ್ಟಿದಳು. ಆಕೆ ಮಾಡಿದ ತಪ್ಪು ಇದೊಂದೇ. ಬರೀ ಕಣ್ಣೀರು ಒಯ್ದಿದ್ದರೆ ಫೀಜು ಸಿಗುತ್ತಿತ್ತೋ ಏನೋ. ರೊಟ್ಟಿ ಒಯ್ದಳು.

ಚಿದಾನಂದಪ್ಪ ಗಾದಿಯ ಮೇಲೆ ಲೋಡಿಗೆ ಒರಗಿ ಕೂತಿದ್ದ. ಮೈಮೇಲೆಲ್ಲ ಹತ್ತಿಯ ಎಳೆ. ಒಳ್ಳೆಯ ಮನುಷ್ಯ. ಆಕೆಯ ಕಥೆ ಪೂರಾ ಕೇಳಿದ, ಎರಡು ಸಲ ಶಿವಾ ಶಿವಾ ಅಂದ.

“ನೋಡು ತಂಗಿ, ನಮ್ಮ ನಿಧಿ ಇರೋದು ಗಂಡು ಹುಡುಗ್ರಿಗೆ. ಹೆಂಗಸ್ರಿಗೆ ಕೊಡಬ್ಯಾಡ್ರಿ ಅಂತ ಯಾರೂ ಅಂದಿಲ್ಲ ಖರೇ. ಕೊಡ್ರಿ ಅಂತನೂ ಯಾರೂ ಅಂದಿಲ್ಲ. ಅದರಾಗ ನಿನ್ನ ವಯಸ್ಸು…” ಎನ್ನುತ್ತ, ಮಾತಿಗೆ ಜೊತೆ ಇರಲೆಂದು ಬುತ್ತಿ ಬಿಚ್ಚಿ ಒಂದು ಚೂರು ಬಾಯಿಗೆ ಹಾಕಿಕೊಂಡ.

ಮಾತು ನಿಂತಿತು. ಇನ್ನೊಂದು ಚೂರು ಹಾಕಿಕೊಂಡ. ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ, ಹತ್ತಿಯ ಗುಣ ನೋಡುವಂತೆ.

“ಇದು ರೇಷನ್ ಜೋಳದ್ದೇನು?”

“ಹೌದ್ರಿ ಸಾವ್ಕಾರ್ರ.”

“ಮುರದಿಲ್ಲಲ್ಲ!”

“ಇಲ್ರಿ.”

“ಒಂದು ಕಡೀಗೂ ಮುರದಿಲ್ಲಲ್ಲ!”

ಆ ವಾರವಷ್ಟೇ ಬೋರ್ಡಿಂಗಿನ ಹುಡುಗರು ತಾಟು ಬಡಿಯುತ್ತ ಬೀದಿಗಿಳಿದಿದ್ದರು. ಬ್ರಿಟಿಷರಿಗೆ ಕೂಗುವ ಕೂಗನ್ನೇ ತಿರುಗಿಸಿ “ಮುರುಕು ರೊಟ್ಟಿ, ಚಲೇ ಜಾವ್” ಎಂದು ಸಾಹುಕಾರನ ಬಾಗಿಲ ಮುಂದೆಯೇ ಕೂಗಿದ್ದರು. ಚಿದಾನಂದಪ್ಪ ಎದ್ದು ನಿಂತ.

“ವಿದ್ಯಾ ಅಂದ್ರ ದೊಡ್ಡದು ತಂಗಿ. ವಿದ್ಯಾಕ್ಕ ಗಂಡು ಹೆಣ್ಣು ಅಂತ ಐತೇನು? ವಯಸ್ಸು ಐತೇನು? ನಿನ್ನ ಫೀಜು ನಿಧಿ ಕಟ್ತೈತಿ. ಪುಸ್ತಕ ನಮ್ಮವು. ಊಟ, ವಸ್ತಿ ಬೋರ್ಡಿಂಗಿನಾಗ. ನೀನು ಮುಂಜಾನಿ ಒಂದೀಟು, ಸಂಜಿಗೊಂದೀಟು ಅಡಿಗಿಮನಿ ಕಡೆ ನೋಡಿಕೊಂಡ್ರ ಆತು.”

ಕೊಟ್ರಬಸಮ್ಮ ಅವನ ಕಾಲಿಗೆ ಬಿದ್ದಳು. ಒಂದೀಟು ಅಂದರೆ ಎಷ್ಟು ಎಂದು ಕೇಳಲಿಲ್ಲ.

ಬೋರ್ಡಿಂಗಿನ ಅಡಿಗೆಮನೆಯಲ್ಲಿ ಜಡೆಮ್ಮ ಎಂಬ ಮುದುಕಿ ಇದ್ದಳು. ಹೊಗೆಗೆ ಕಣ್ಣು ಮಂಜಾಗಿದ್ದವು. ಮುರುಕು ರೊಟ್ಟಿಯ ಕರ್ತೃ ಈಕೆಯೇ. ಹೊಸಬಳನ್ನು ತಡವಿ ನೋಡಿ, “ಓದಾಕ ಬಂದೀಯೇನವ್ವ? ಬಾ. ನಾನೂ ಇಲ್ಲಿಗೆ ನಾಕು ದಿನಕ್ಕಂತ ಬಂದಾಕಿ” ಅಂದಳು.

ಮೊದಲ ತಿಂಗಳು ಚೆನ್ನಾಗಿಯೇ ನಡೆಯಿತು. ಕತ್ತಲಲ್ಲೇ ಎದ್ದು ರೊಟ್ಟಿ ಬಡಿದು, ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಟ್ರೇನಿಂಗ್ ಶಾಲೆಗೆ ಓಡುತ್ತಿದ್ದಳು. ಹಲಗೆಯ ಮೇಲೆ ವೃತ್ತ ಬರೆಯಿರಿ ಎಂದರೆ ಹುಡುಗಿಯರು ಕುಂಬಳಕಾಯಿ ಬರೆಯುತ್ತಿದ್ದರು. ಕೊಟ್ರಬಸಮ್ಮ ಬರೆದ ವೃತ್ತ ನೋಡಿ ಸುವರ್ಣಮ್ಮ ಟೀಚರು ಇಡೀ ಕ್ಲಾಸಿಗೆ ತೋರಿಸಿದಳು. ಅಳತೆಯೂ ರೊಟ್ಟಿಯದೇ ಇತ್ತು. ಹುಡುಗಿಯರು ಆಕೆಯನ್ನು ಅವ್ವಾ ಎಂದೇ ಕರೆದರು. ಆಕೆ ಓ ಅಂದಳು. ಅಂದು ಶಾಲೆಯ ಹಿಂದೆ ಹೋಗಿ ಸ್ವಲ್ಪ ಅತ್ತು ಬಂದಳು.

ಆಮೇಲೆ ರೊಟ್ಟಿಯ ಕೀರ್ತಿ ದಶದಿಕ್ಕಿಗೆ ಹಬ್ಬಿತು. ಬೋರ್ಡಿಂಗು ಬಿಟ್ಟು ಹೋಗಿದ್ದ ಹುಡುಗರು ಗಂಟುಮೂಟೆ ಸಮೇತ ತಿರುಗಿ ಬಂದರು. ಬೋರ್ಡಿಂಗು ನೋಡಿಕೊಳ್ಳುವ ಕಮಿಟಿಯ ಹಿರಿಯರಿಗೆ ಇದ್ದಕ್ಕಿದ್ದಂತೆ ಕರ್ತವ್ಯಪ್ರಜ್ಞೆ ಮೂಡಿ, ಸರಿಯಾಗಿ ಊಟದ ಹೊತ್ತಿಗೆ ತಪಾಸಣೆಗೆ ಬರತೊಡಗಿದರು. ತಪಾಸಣೆ ಮುಗಿಸಿ ತೇಗಿ ಹೋಗುತ್ತಿದ್ದರು. ಮನೆಗೂ ಒಂದಿಷ್ಟು ಕಟ್ಟಿಸಿಕೊಳ್ಳುತ್ತಿದ್ದರು. ಹೋಗುವಾಗ ತಪ್ಪದೆ, “ಏನು ಕೈಯವ್ವ ನಿಂದು!” ಅನ್ನುತ್ತಿದ್ದರು.

ಗಂಡ ಮರಿಬಸಪ್ಪ ಒಂದು ದಿನವೂ ಹಾಗೆ ಅಂದವನಲ್ಲ. ಉಣ್ಣುವಾಗ ಕೈಯಲ್ಲೊಂದು ಪುಸ್ತಕ ಹಿಡಿಯುತ್ತಿದ್ದ. ತಾಟು ಖಾಲಿಯಾದರೂ ಗೊತ್ತಾಗದೆ ಬೆರಳಿನಿಂದ ತಾಟು ಕೆರೆಯುತ್ತಿದ್ದ. ಆಗ ಆಕೆಗೆ ಸಿಟ್ಟು ಬರುತ್ತಿತ್ತು. ಈಗ ಊರೆಲ್ಲ ಹೊಗಳುವಾಗ, ಹೊಗಳದ ಆ ಒಬ್ಬನಿಗೆ ಒಂದು ರೊಟ್ಟಿ ಹಾಕಿದ್ದರೆ ಸಾಕಿತ್ತು ಅನಿಸುತ್ತಿತ್ತು.

ಶಾಲೆಗೆ ತಡವಾಗತೊಡಗಿತು. ಹೋದ ದಿನ ಬೆಂಚಿನ ಮೇಲೆ ನಿದ್ದೆ. ಬರಬರುತ್ತ ಹೋಗದ ದಿನಗಳೇ ಹೆಚ್ಚಾದವು. ಸುವರ್ಣಮ್ಮ ಟೀಚರು, ಆಕೆಗಿಂತ ಸಣ್ಣವಳು, ಹತ್ತಿರ ಕರೆದು ಹೇಳಿದಳು:

“ಕೊಟ್ರಬಸಮ್ಮ, ಹಾಜರಿ ಕಡಿಮೆ ಆದ್ರ ನಿಮ್ಮನ್ನ ಪರೀಕ್ಷಾಕ್ಕ ಬಿಡಾಂಗಿಲ್ರಿ. ಕೈಯೆಲ್ಲ ಯಾಕ ಹಿಂಗ ಸುಟ್ಟೈತಿ?”

“ಓದಿನ ಖರ್ಚ್ರಿ” ಅಂದಳು.

ಸಾಹುಕಾರನಲ್ಲಿಗೆ ಹೋಗಿ ರೊಟ್ಟಿ ಬಡಿಯಲು ಇನ್ನೊಬ್ಬಳನ್ನು ಇಡಿರಿ ಎಂದು ಕೇಳಿಕೊಂಡಳು. ಅವನು ನಕ್ಕ. “ಇಡಬೌದು ತಂಗಿ. ನಿನ್ನ ಕೈ ಆಕಿಗೆ ಎಲ್ಲಿಂದ ತರೂದು?”

ಅಡಿಗೆಮನೆಗೆ ಬಂದು ಕಂಬಕ್ಕೆ ಒರಗಿ ಕೂತಳು. ಜಡೆಮ್ಮ ಸೊಪ್ಪು ಸೋಸುತ್ತಿದ್ದಳು.

“ಯಾಕವ್ವ, ಮಾರಿ ಸಪ್ಪಗೈತಿ?”

“ನಿನಗ ಕಾಣ್ತೈತೇನು ಜಡೆಮ್ಮವ್ವ?”

“ಉಸುರು ಕೇಳ್ತೈತಿ. ನಾನೊಂದು ಮಾತು ಹೇಳ್ಲಾ? ಕೆಡಿಸು.”

“ಏನು ಕೆಡಿಸ್ಲಿ?”

“ರೊಟ್ಟಿ ಕೆಡಿಸು. ನನ್ನ ನೋಡು. ನಂದು ಮುರಿಯಾಕ ಹತ್ತಿತು, ಈಗ ನನ್ನ ಯಾರೂ ಕೇಳಾಂಗಿಲ್ಲ. ಕುಂತು ಸೊಪ್ಪು ಸೋಸ್ತೀನಿ. ನೀನೂ ಕೆಡಿಸು, ಬ್ಯಾರೆಯಾಕಿನ್ನ ತರ್ತಾರ. ನೀನು ಓದಿಕೋ.”

ಕೊಟ್ರಬಸಮ್ಮನಿಗೆ ಜ್ಞಾನೋದಯವಾಯಿತು. ಆದರೆ ಕೆಡಿಸುವುದು ಎಣಿಸಿದಷ್ಟು ಸುಲಭವಿರಲಿಲ್ಲ. ಕೈ ಮಾತು ಕೇಳಲಿಲ್ಲ. ಎಡಗೈಯಿಂದ ಬಡಿದಳು, ದುಂಡಗೆ ಬಂತು. ಕಣ್ಣು ಮುಚ್ಚಿ ಬಡಿದಳು, ಇನ್ನೂ ದುಂಡಗೆ ಬಂತು. ಕೊನೆಗೆ ಎಸರು ಬಿಟ್ಟು ತಣ್ಣೀರು ಹಾಕಿ, ನಾದದೆ, ಹೆಂಚಿನ ಮೇಲೆ ಹಾಕಿ ಎದ್ದು ಹೋಗಿ ಟ್ರೇನಿಂಗ್ ಪುಸ್ತಕದಲ್ಲಿದ್ದ ಮಕ್ಕಳ ಮನಸ್ಸಿನ ಪಾಠ ಒಂದು ಪುಟ ಓದಿ ಬಂದಳು. ದೇವರು ಕಣ್ಣು ಬಿಟ್ಟ. ರೊಟ್ಟಿ ಕರಕಲಾಗಿ ಮುರಿದು ಬಿತ್ತು. ಜಡೆಮ್ಮ ಒಂದು ಚೂರು ಅಗಿದು, “ಥೂ! ಭೇಷ್!” ಅಂದಳು.

ಒಂದು ವಾರ ಹುಡುಗರು ಕರಕಲು ತಿಂದರು. ಆಮೇಲೆ ತಾಟು ಬಡಿದರು. ಕಮಿಟಿಯವರು ತಪಾಸಣೆಗೆ ಬರುವುದು ನಿಂತಿತು. ಆ ಒಂದು ವಾರ ಕೊಟ್ರಬಸಮ್ಮ ದಿನಾ ಶಾಲೆಗೆ ಹೋದಳು. ಗಂಡ ಹೋದ ಮೇಲೆ ಆಕೆ ಹಸಿವಾಗಿ ಉಂಡದ್ದು ಅದೇ ವಾರ.

ಭಾನುವಾರ ಮಧ್ಯಾಹ್ನ ಬೋರ್ಡಿಂಗಿನ ಪಡಸಾಲೆಯಲ್ಲಿ ಕಮಿಟಿ ಕೂಡಿತು. ಕೊಟ್ರಬಸಮ್ಮ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಳು. ಒಬ್ಬರು ಬೇರೆಯವಳನ್ನು ತರೋಣ ಅಂದರು. ಆಕೆಯ ಎದೆ ಅರಳಿತು. ಚಿದಾನಂದಪ್ಪ ಕೈಯೆತ್ತಿದ.

“ಬ್ಯಾಡ್ರಿ. ಪಾಪ, ಆಕಿ ತಪ್ಪಿಲ್ಲ. ತಪ್ಪು ನಮ್ದು. ಈ ವಯಸ್ಸಿನಾಗ ಆಕಿನ್ನ ಓದಾಕ ಹಚ್ಚಿದ್ವಿ. ಓದು ತಲಿಗೇರಿ ಕೈ ಕೆಟ್ಟೈತಿ. ಬಂಗಾರದಂಥ ಕೈ! ಓದು ಬಿಡಿಸ್ರಿ. ಸಾಲಿಯಾಗಿಂದ ಹೆಸರು ತಗಸ್ರಿ. ತಲಿ ಹಗರಾದ್ರ ಕೈ ತಾನಾಗೇ ಬರ್ತೈತಿ.”

ಎಲ್ಲರೂ ಹೌದು ಹೌದು ಅಂದರು. ಒಬ್ಬ ಹಿರಿಯರು ಕಣ್ಣು ಒರೆಸಿಕೊಂಡರು.

ಬಾಗಿಲ ಮರೆಯಲ್ಲಿ ಕೊಟ್ರಬಸಮ್ಮ ಲೆಕ್ಕ ಹಾಕಿದಳು. ಬೇಕೆಂದೇ ಕೆಡಿಸಿದೆ ಎಂದರೆ ಹುಡುಗರ ಅನ್ನಕ್ಕೆ ದ್ರೋಹ ಬಗೆದವಳಾಗುತ್ತಾಳೆ. ಸುಮ್ಮನಿದ್ದರೆ ಓದು ಹೋಗುತ್ತದೆ. ಓದಿನಿಂದ ಕೈ ಕೆಟ್ಟಿಲ್ಲ ಎಂದು ತೋರಿಸುವುದೊಂದೇ ಉಳಿದ ದಾರಿ. ಅಡಿಗೆಮನೆಗೆ ಓಡಿದಳು. ಎಸರಿಟ್ಟಳು, ನಾದಿದಳು, ಬಡಿದಳು. ಬಡಿಯುತ್ತ ಮಕ್ಕಳ ಮನಸ್ಸಿನ ಪಾಠವನ್ನು ಪಡಸಾಲೆಗೆ ಕೇಳುವಂತೆ ಗಟ್ಟಿಯಾಗಿ ಒಪ್ಪಿಸಿದಳು. ಅಂಥ ರೊಟ್ಟಿ ಆಕೆ ಗಂಡನಿಗೂ ಹಾಕಿರಲಿಲ್ಲ. ಬಿಸಿಬಿಸಿ ತಂದು ಸಾಹುಕಾರನ ಮುಂದೆ ಇಟ್ಟಳು.

“ನೋಡ್ರಿ ಸಾವ್ಕಾರ್ರ. ಕೈ ಕೆಟ್ಟಿಲ್ರಿ. ಪಾಠ ಹೇಳಿಕೊಂತ ಮಾಡೀನ್ರಿ.”

ಚಿದಾನಂದಪ್ಪ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. ಕಣ್ಣು ಮುಚ್ಚಿದ. ಅಗಿದ. ಕಣ್ಣು ತೆರೆದಾಗ ನೀರು ತುಂಬಿತ್ತು.

“ನೋಡಿದಿರೇನ್ರಿ! ಓದು ಬಿಡಸ್ತೀವಿ ಅಂತ ಬರೀ ಬಾಯಿಲೆ ಅಂದ್ವಿ. ಆಗ್ಲೇ ಕೈ ತಿರುಗಿ ಬಂತು!”

ಕಮಿಟಿಯವರು ಚಪ್ಪಾಳೆ ತಟ್ಟಿದರು. ಸಾಹುಕಾರ ತಾಟು ಮುಂದೆ ಚಾಚಿದ.

“ತಂಗಿ, ಇವ್ರಿಗೂ ಒಂದೊಂದು ತಾ.”

ಕೊಟ್ರಬಸಮ್ಮ ಒಳಗೆ ಹೋದಳು. ಹೆಂಚು ಇನ್ನೂ ಕಾದಿತ್ತು.