ಸಾಕು ಎಂಬ ಹೆಸರು

ಐದನೆಯದೂ ಹೆಣ್ಣೇ ಎಂದು ಸೂಲಗಿತ್ತಿ ಹೇಳಿದಾಗ ಒಬ್ರಾದ್ ಕೂತಲ್ಲೇ ಕುಸಿದ. ಹೆಣ್ಣುಮಕ್ಕಳ ಮೇಲೆ ದ್ವೇಷವೇನಿಲ್ಲ. ಮನೆತನದ ಹೆಸರು ಹೇಳಲು ಒಂದು ಗಂಡು ಬೇಕಿತ್ತು, ಅಷ್ಟೇ. ಆಗಲೇ ಅವನ ತಲೆಯಲ್ಲಿ ಮಹತ್ತಾದ ವಿಚಾರವೊಂದು ಉದಿಸಿತು. (ಹೀಗೆ ವಿಚಾರ ಉದಿಸಿದಾಗಲೆಲ್ಲ ಹೆಂಡತಿ ವೀದಾ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದಳು.) ಮಗುವಿಗೆ ಸ್ತಾಂಕಾ ಎಂದು ಹೆಸರಿಟ್ಟರಾಯಿತು! ನಿಲ್ಲು, ಇನ್ನು ಹೆಣ್ಣು ಸಾಕು ಎಂದರ್ಥ. ಸರ್ಬಿಯಾದ ಆ ಬೆಟ್ಟಸಾಲಿನಲ್ಲಿ ಹೆಣ್ಣು ಹೆತ್ತು ದಣಿದವರು ಹೂಡುತ್ತಿದ್ದ ಬ್ರಹ್ಮಾಸ್ತ್ರ ಅದು.

ಆದರೆ ಹೆಸರಿಡುವ ಹಕ್ಕು ಅಪ್ಪನದಲ್ಲ, ಧರ್ಮಪಿತನದು. ಇಗರ್ಜಿಯಲ್ಲಿ ಮಗುವನ್ನು ಎತ್ತಿಕೊಂಡು ಅವನು ಹೇಳಿದ್ದೇ ಹೆಸರು. ಹೆತ್ತವರು ತುಟಿ ಪಿಟಕ್ಕೆನ್ನುವಂತಿಲ್ಲ. ಒಬ್ರಾದ್ ಪ್ಲಮ್ ಸಾರಾಯಿಯ ಬಾಟಲಿ ಹಿಡಿದು ಧರ್ಮಪಿತ ತಿಹೋಮಿರನ ಮನೆಗೆ ನಡೆದ. ತಿಹೋಮಿರ್ ಗಂಭೀರವಾಗಿ ಎಲ್ಲ ಕೇಳಿದ, ಗಂಭೀರವಾಗಿ ಬಾಟಲಿ ಖಾಲಿ ಮಾಡಿದ, ಗಂಭೀರವಾಗಿ ತಲೆಯಾಡಿಸಿದ.

ನಾಮಕರಣದ ಬೆಳಿಗ್ಗೆ ಒಬ್ರಾದನ ತಾಯಿ ಮಗುವಿಗೆ ಬಿಳಿ ಬಟ್ಟೆ ಸುತ್ತುತ್ತಿದ್ದಳು. ಅವನಿಗೆ ಗುಟ್ಟು ತಡೆಯಲಾಗಲಿಲ್ಲ.

"ಅಮ್ಮಾ, ನಿನ್ನ ಹೆಸರೇ ಇಡಿಸ್ತಾ ಇದೀನಿ. ಸ್ತಾಂಕಾ!"

ಮುದುಕಿಯ ಕೈ ನಿಂತಿತು. "ಎಪ್ಪತ್ತು ವರ್ಷ, ಯಾರು ಕೂಗಿದ್ರೂ 'ನೀನ್ಯಾಕೆ ಬಂದೆ' ಅಂದಂಗೇ ಕೇಳ್ಸಿದೆ ಕಣೋ. ನಮ್ಮಪ್ಪ ಊಟಕ್ಕೆ ಕರೆದ್ರೂ ಅಷ್ಟೇ."

"ಆದ್ರೆ ಹೆಸರು ಫಲ ಕೊಡ್ತಲ್ಲಮ್ಮಾ..."

"ಏನು ಫಲ? ನನ್ನ ಹಿಂದೆ ಮೂರು ಹುಡ್ಗೀರು ಹುಟ್ಟಿದ್ರು."

ಮೂವರು ಚಿಕ್ಕಮ್ಮಂದಿರ ಕೈಯ ಪ್ಲಮ್ ಕಡುಬು ತಿಂದು ಬೆಳೆದವನಿಗೆ ಇದು ಹೊಳೆದೇ ಇರಲಿಲ್ಲ. ಅಮ್ಮನ ಮುಖ ನೋಡಿ ಅವನಿಗೆ ನಾಚಿಕೆಯಾಯಿತು. ಮಗಳೂ ಹೀಗೇ ಎಪ್ಪತ್ತು ವರ್ಷ ಬಾಳಬೇಕೇ?

ಇಗರ್ಜಿಯಲ್ಲಿ ತಿಹೋಮಿರನಿಗೆ ಕಣ್ಸನ್ನೆ ಮಾಡಿದ, ಕೆಮ್ಮಿದ, ಕಾಲು ತುಳಿದ. ಧರ್ಮಪಿತ ಮಗುವನ್ನೆತ್ತಿಕೊಂಡು ಕಲ್ಲಿನಂತೆ ನಿಂತಿದ್ದ. ಪಾದ್ರಿ, "ಮಗುವಿನ ಹೆಸರು?" ಎಂದರು. ತಿಹೋಮಿರ್ ಬಾಯಿ ತೆರೆದ.

"ಬೇಡ! ಸ್ತಾಂಕಾ ಬೇಡ!" ಒಬ್ರಾದ್ ಚೀರಿದ.

ಆ ಇಗರ್ಜಿ ಕಟ್ಟಿದಂದಿನಿಂದ ಇಂಥ ಅಪಚಾರ ಯಾವ ಅಪ್ಪನೂ ಮಾಡಿರಲಿಲ್ಲ. ತಿಹೋಮಿರನ ಮುಖ ಕೆಂಪೇರಿತು.

"ನಿನ್ನ ಸಾರಾಯಿ ಕುಡಿದೆ, ನಿಜ. ಬುದ್ಧೀನೂ ಕುಡಿದುಬಿಟ್ಟಿರ್ಲಿಲ್ಲ. ಒಳ್ಳೇ ಹೆಸರೇ ಯೋಚಿಸ್ಕೊಂಡು ಬಂದಿದ್ದೆ. ಧರ್ಮಪಿತನ ಬಾಯಿ ಮುಚ್ಚಿಸ್ದೋನು ನೀನೇ ಹೇಳಪ್ಪಾ ಈಗ!"

ಇಡೀ ಊರು ಒಬ್ರಾದನತ್ತ ತಿರುಗಿತು. ಒಂಬತ್ತು ತಿಂಗಳಲ್ಲಿ ಅವನು ಹದಿನಾಲ್ಕು ಗಂಡು ಹೆಸರು ಕೂಡಿಹಾಕಿದ್ದ. ಹೆಣ್ಣಿಗೆ ಒಂದೂ ಇಲ್ಲ. ಮನೆಯ ನಾಲ್ವರು ಹೆಣ್ಣುಮಕ್ಕಳ ಹೆಸರೂ ಆ ಕ್ಷಣ ಮರೆತುಹೋಯಿತು. ಮಗು ಅವನನ್ನೇ ನೋಡುತ್ತಿತ್ತು. ಪಾಪ, ಇವಳಿಗಾಗಿ ನಾನು ಏನೂ ಯೋಚಿಸಿರಲಿಲ್ಲವಲ್ಲ ಎಂದುಕೊಂಡು ಅವನು ಮಗುವಿನತ್ತ ಬಾಗಿದ.

"ಝೆಲ್ಕಾ," ಎಂದ. ಬಯಸಿ ಪಡೆದವಳು ಎಂದರ್ಥ.

ಪಾದ್ರಿ ನೀರು ಚಿಮುಕಿಸಿದರು. ಮುದುಕಿ ತಲೆವಸ್ತ್ರದಲ್ಲಿ ಕಣ್ಣೊರೆಸಿಕೊಂಡಳು. ವೀದಾ ಮೆಲ್ಲಗೆ ಪಕ್ಕಕ್ಕೆ ಬಂದಾಗ ಹೊಗಳಿಕೆ ಬರುತ್ತದೆಂದು ಒಬ್ರಾದ್ ಕಿವಿ ಬಾಗಿಸಿದ.

"ಹೆಸರಿಗೆ ಶಕ್ತಿ ಇದೆ ಅಂತ ನಂಬೋನು ನೀನು. ದೇವರ ಮುಂದೆ ನಿಂತು ಹೆಣ್ಣೇ ಬೇಕು ಅಂತ ಬಾಯ್ಬಿಟ್ಟು ಕೇಳ್ಬಿಟ್ಟೆ. ಇನ್ನು ಅನುಭವಿಸು ಮಹಾರಾಯ."

ಮರುವರ್ಷ ಪ್ಲಮ್ ಹಣ್ಣಾಗುವ ಹೊತ್ತಿಗೆ ಆರನೆಯವಳು ಬಂದಳು. ಅರ್ಧ ಗಂಟೆಯಲ್ಲಿ, ಏಳನೆಯವಳು.