ಅಲ್ಲಾಡಬೇಕಾದ ಕಟ್ಟಡ

ಕೆಂಪರಾಜುವಿನ ಕಟ್ಟಡ ಅಲ್ಲಾಡುತ್ತಿತ್ತು. ಅಲ್ಲಾಡಲೆಂದೇ ಅವನು ಅದನ್ನು ಮಾಡಿಸಿದ್ದ. ಇಷ್ಟು ಸರಳವಾದ ವಿಷಯ ಅವತ್ತು ಒಬ್ಬರಿಗಾದರೂ ತಲೆಗೆ ಹೋಗಿದ್ದರೆ ಪಾಪ, ಅವನಿಗೆ ಈ ಗತಿ ಬರುತ್ತಿರಲಿಲ್ಲ.

ರಾಮನಗರದ ಹತ್ತಿರದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಅವನು ಏಳು ವರ್ಷದಿಂದ ಟೆಂಪರರಿ ಮೇಷ್ಟ್ರು. ಅಲ್ಲಿ ಹೊಸದಾಗಿ ಭೂಕಂಪದ ಲ್ಯಾಬ್ ಶುರುವಾಗುವುದರಲ್ಲಿತ್ತು. ಆ ಮಧ್ಯಾಹ್ನ ಕಾಲೇಜಿನ ಅಧ್ಯಕ್ಷ ಚೆಲುವಯ್ಯನವರಿಗೆ ಮಾದರಿ ತೋರಿಸಿ ಮೆಚ್ಚಿಸಿದರೆ ಲ್ಯಾಬ್ ಇನ್‌ಚಾರ್ಜ್ ಕೆಲಸ, ಅದೂ ಪರ್ಮನೆಂಟು. ಕೆಂಪರಾಜುವಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಸಂಜೆ ಮೈಸೂರುಪಾಕು ತರುತ್ತೇನೆಂದು ಹೆಂಡತಿಗೆ ಹೇಳಿಯೇ ಮನೆ ಬಿಟ್ಟಿದ್ದ.

ಮಾದರಿಯೆಂದರೆ ನಾಲ್ಕಂತಸ್ತಿನ ಎರಡು ಮರದ ಕಟ್ಟಡ. ಕೆಂಪು ಬಣ್ಣದ್ದು ತಳದ ಹಲಗೆಗೇ ಕೂಡಿಸಿದ್ದು. ಕಂಬಗಳನ್ನು ಸಡಿಲವಾಗಿ ಜೋಡಿಸಿಟ್ಟು, ದಬ್ಬಿದೊಡನೆ ಕುಸಿಯುವಂತೆ ಮಾಡಬೇಕು. ಹಳದಿಯದು ನಾಲ್ಕು ರಬ್ಬರ್ ಕಾಲಿನ ಮೇಲೆ ನಿಂತದ್ದು. ನೆಲ ಅಲ್ಲಾಡಿದರೆ ಕಾಲು ಬಾಗಿ, ಮೇಲಿನ ಕಟ್ಟಡ ಉಳಿಯಬೇಕು. ಎರಡನ್ನೂ ಮಾಡಿಕೊಡಲು ಚನ್ನಪಟ್ಟಣದ ಗೊಂಬೆ ಕೆಲಸದ ಅಸದುಲ್ಲಾಗೆ ಒಪ್ಪಿಸಿದ್ದ.

ಬೆಳಿಗ್ಗೆ ಅವನ ಅಂಗಡಿಗೆ ಹೋಗಿ ನೋಡಿದರೆ ಹಳದಿ ಕಟ್ಟಡ ಬಂಡೆಯಂತೆ ನಿಂತಿತ್ತು. ರಬ್ಬರ್ ಕಾಲುಗಳ ಸಂದಿಗೆ ಮರದ ಚಕ್ಕೆ ಬಡಿದು ಕೂರಿಸಲಾಗಿತ್ತು.

“ಏನ್ರೀ ಇದು ಸಾಬ್ರೇ?”

“ಅಲ್ಲಾಡ್ತಿತ್ತು ಸಾರ್,” ಎಂದ ಅಸದುಲ್ಲಾ. “ನಮ್ಮ ಅಬ್ಬಾ ಕಾಲ್ದಿಂದ ಈ ಅಂಗಡಿಯಿಂದ ಅಲ್ಲಾಡೋ ಸಾಮಾನು ಆಚೆ ಹೋಗಿಲ್ಲ.”

“ಅಲ್ಲಾಡ್ಲಿ ಅಂತಾನೇ ಮಾಡ್ಸಿರೋದು ಕಣ್ರೀ.”

“ಮತ್ತೆ ಕೆಂಪಿದು?”

“ಅದು ಬೀಳ್ಬೇಕು.”

ಅಸದುಲ್ಲಾ, ಮಗಳ ಮದುವೆ ಮುರಿದ ಸುದ್ದಿ ಕೇಳಿದವನಂತೆ ನೋಡಿದ. “ಅದ್ರ ತಳ್ದಲ್ಲಿ ನನ್ ಸೀಲ್ ಐತೆ ಸಾರ್.”

ಕೆಂಪರಾಜು ಆಗಲೇ ಚಕ್ಕೆ ಕೀಳುವುದರಲ್ಲಿ ಮುಳುಗಿದ್ದ. ಅಸದುಲ್ಲಾ ಕೆಂಪು ಕಟ್ಟಡವನ್ನೆತ್ತಿಕೊಂಡು, ಪ್ಯಾಕ್ ಮಾಡಿ ತರುತ್ತೇನೆಂದು ಒಳಗೆ ಹೋದವನು ಒಂದು ಗಂಟೆ ಆಚೆ ಬರಲಿಲ್ಲ.

ರಾಮನಗರದ ಬಸ್ಸಿನಲ್ಲಿ ಕೆಂಪು ಕಟ್ಟಡದ ಡಬ್ಬ ಕಾಲಡಿಗೆ, ಹಳದಿಯದು ತೊಡೆಯ ಮೇಲೆ. ಪಕ್ಕದಲ್ಲಿ ಸೊಪ್ಪು ಮಾರುವ ಬೋರಮ್ಮ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಎರಡು ನಿಮಿಷ ನೋಡಿದಳು, ತಡೆಯಲಾಗಲಿಲ್ಲ. “ಬಿದ್ದೋಯ್ತದೆ ಕಣಪ್ಪ,” ಎಂದು ಬುಟ್ಟಿಯ ಹುರಿ ಬಿಚ್ಚಿ ಕಟ್ಟಡವನ್ನು ಸೀಟಿನ ಕಂಬಿಗೆ ಬಿಗಿದೇಬಿಟ್ಟಳು.

ಕೆಂಪರಾಜು ಗಂಟು ಬಿಚ್ಚುತ್ತಾ ಪಾಠ ಶುರು ಮಾಡಿದ. “ನೋಡಮ್ಮ, ಭೂಕಂಪ ದೂರ್ದಲ್ಲಾದ್ರೆ ಗುಂಡಿ ರಸ್ತೇಲಿ ಬಸ್ ಹೋದಂಗೆ, ಗಡಗಡ ಅಂತ ಅಲ್ಲಾಡ್ತದೆ. ನೆಲ ಬಿರಿಯೋ ಜಾಗದ ಪಕ್ಕದಲ್ಲೇ ಇದ್ರೆ ಹಂಗಲ್ಲ. ಒಂದೇ ಸಲಕ್ಕೆ ದಬ್ಬಿಬಿಡ್ತದೆ.”

ಅಷ್ಟರಲ್ಲಿ ಡ್ರೈವರ್ ಬ್ರೇಕ್ ಹಾಕಿದ. ಬೋರಮ್ಮ ಬುಟ್ಟಿಯ ಸಮೇತ ಮುಂದಿನ ಸೀಟಿಗೆ ಹೋಗಿ ಬಡಿದಳು.

“ಹಿಂಗೇ,” ಎಂದ ಕೆಂಪರಾಜು ಖುಷಿಯಿಂದ.

ಬೋರಮ್ಮ ಹಣೆ ಉಜ್ಜಿಕೊಂಡಳು. “ಅಂಗಾದ್ರೆ ನಿನ್ ರಬ್ಬರ್ ಮನೆ ಹಾರೋಯ್ತದಲ್ಲಪ್ಪ. ತಡೆಯಾಕೆ ಏನಾರ ಬ್ಯಾಡ್ವಾ?”

“ಅದಕ್ಕೇ ಸುತ್ತ ಒಸಿ ಜಾಗ ಬುಟ್ಟು ಸ್ಪಾಂಜ್ ಇಡ್ತೀನಿ. ಕಟ್ಟಡ ಬಂದು ಅದಕ್ಕೆ ಒರಗಿ ನಿಂತ್ಕತ್ತದೆ.”

ಏಳು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಕೇಳದ ಪ್ರಶ್ನೆಯನ್ನು ಸೊಪ್ಪಿನವಳು ಕೇಳಿದ್ದಳು. ಕೆಂಪರಾಜುವಿನ ಧೈರ್ಯ ಇನ್ನೂ ಒಂದು ಮೊಳ ಬೆಳೆಯಿತು.

ಕಾಲೇಜಿನಲ್ಲಿ, ನೆಲದಂತೆ ಅಲ್ಲಾಡಿಸಲೆಂದು ಇಟ್ಟಿದ್ದ ಚಕ್ರದ ಮೇಜಿನ ಮೇಲೆ ಎರಡನ್ನೂ ಇಟ್ಟು, ಹಳದಿಯ ಸುತ್ತ ಸ್ಪಾಂಜ್ ಜೋಡಿಸಿ, ತಲೆ ಬಾಚಲು ಹೋದ. ಬರುವಷ್ಟರಲ್ಲಿ ಅಟೆಂಡರ್ ಮುನಿಶಾಮಯ್ಯ ಹಳದಿ ಕಟ್ಟಡದಡಿಗೆ ಪೇಪರ್ ಮಡಿಸಿ ತುರುಕಿದ್ದ.

“ಅಲ್ಲಾಡ್ತಿತ್ತು ಸಾ.”

ಕೆಂಪರಾಜು ಹಲ್ಲು ಕಚ್ಚಿಕೊಂಡು ಪೇಪರ್ ಎಳೆದು ಬಿಸಾಡಿದ. ಅಷ್ಟರಲ್ಲಿ ಚೆಲುವಯ್ಯನವರು ಬಿಳಿ ಪಂಚೆಯಲ್ಲಿ ಬಂದು, ಕಾಫಿ ಲೋಟ ಹಿಡಿದು ಎದುರಿಗೇ ಕೂತರು. ಕೆಂಪರಾಜುವಿಗೆ ಬೇರೇನೂ ನೋಡಲು ಪುರುಸೊತ್ತಾಗಲಿಲ್ಲ.

“ಸಾರ್, ನೆಲ ಬಿರಿಯೋ ಕಡೆ ಆಗೋ ಭೂಕಂಪ ಇದು. ಕೆಂಪು ಕಟ್ಟಡ ಪುಡಿಪುಡಿ. ಹಳದಿ ಇಲ್ಲೇ ಇರುತ್ತೆ,” ಎಂದವನೇ ಕೆಂಪರಾಜು ಮೇಜನ್ನು ಬಲವಾಗಿ ದಬ್ಬಿದ.

ಹಳದಿ ಕಟ್ಟಡ ಜಾರಿ, ಮೇಜು ದಾಟಿ, ಅಧ್ಯಕ್ಷರ ಕಾಫಿಯನ್ನು ಪಂಚೆಯ ಮೇಲೆ ಚೆಲ್ಲಿ, ಅವರ ಮಡಿಲಲ್ಲಿ ಕೂತಿತು.

“ಕಟ್ಟಡಕ್ಕೇನೂ ಆಗಿಲ್ಲ ಸಾರ್,” ಎಂದ ಕೆಂಪರಾಜು. ನಿಜವೇ, ಒಂದು ಕಂಬವೂ ಕದಲಿರಲಿಲ್ಲ. ಆಮೇಲೆ ಮುನಿಶಾಮಯ್ಯನತ್ತ ತಿರುಗಿದ. “ಸ್ಪಾಂಜ್ ಎಲ್ಲಯ್ಯ?”

“ಪಾರ್ಸಲ್ ಕಸ ಅಂದ್ಕಂಡು ಗುಡಿಸಾಕ್ಬುಟ್ಟೆ ಸಾ.”

ಹೋಗಲಿ, ಕೆಂಪಿನದು ಬಿದ್ದರೆ ಅರ್ಧ ಮಾನವಾದರೂ ಉಳಿಯುತ್ತದೆ ಎಂದು ನೋಡಿದರೆ ಅದು ನಿಂತೇ ಇತ್ತು. ಇನ್ನೊಮ್ಮೆ ದಬ್ಬಿದ. ಮುನಿಶಾಮಯ್ಯನೂ ಕೈಹಾಕಿ ದಬ್ಬಿದ. ಮೇಜಿನ ಚಕ್ರ ಕಿತ್ತುಬಂತು. ಕೆಂಪು ಕಟ್ಟಡ ಜಪ್ಪಯ್ಯ ಅನ್ನಲಿಲ್ಲ. ಬಗ್ಗಿ ನೋಡಿದರೆ ಒಂದೊಂದು ಕಂಬಕ್ಕೂ ಬೆಣೆ, ಮೇಲೆ ಗೋಂದು.

“ನಿಜವಾದ ಕಟ್ಟಡ ಭಾರ ಇರುತ್ತೆ ಸಾರ್, ಅದು ಬೀಳುತ್ತೆ,” ಎಂದ ಕೆಂಪರಾಜು.

“ಇದು ಬಿದ್ದಿಲ್ವಲ್ಲಪ್ಪ,” ಎಂದ ಚೆಲುವಯ್ಯನವರು ಕೆಂಪು ಕಟ್ಟಡವನ್ನು ಮಗುಚಿ, ಸೀಲಿನಲ್ಲಿದ್ದ ಫೋನ್ ನಂಬರು ಬರೆದುಕೊಂಡರು.

ಸಂಜೆ ಮಿಠಾಯಿ ಅಂಗಡಿ ದಾಟಿ ಹೋಗುತ್ತಿದ್ದ ಕೆಂಪರಾಜುವಿಗೆ ಫೋನ್ ಬಂತು. ಅಸದುಲ್ಲಾ.

“ಸಾರ್, ನಿಮ್ಮ ಅಧ್ಯಕ್ಷರು ಲ್ಯಾಬ್ ನೋಡ್ಕೊಳ್ಳಕ್ಕೆ ನನ್ನೇ ಕರೆದ್ರು. ಓದು ಬರಲ್ಲ ಅಂದೆ. ಓದಿರೋರ್ನ ಒಬ್ರನ್ನ ಕೈಕೆಳಗೆ ಇಟ್ಕೋ ಅಂದ್ರು. ನಿಮ್ಮ ಹೆಸ್ರೇ ಹೇಳಿದೀನಿ.”

ಕೆಂಪರಾಜು ಅಲ್ಲೇ ನಿಂತ. ಮೈಸೂರುಪಾಕು ಮತ್ತೆ ಕಣ್ಣಿಗೆ ಬಿತ್ತು. “ಪರ್ಮನೆಂಟಾ?”

“ನಂದು ಪರ್ಮನೆಂಟು ಸಾರ್. ನಿಮ್ದೂ ಗಟ್ಟಿ ಮಾಡಿ ಅಂತ ಎಷ್ಟೋ ಕೇಳ್ಕೊಂಡೆ,” ಎಂದ ಅಸದುಲ್ಲಾ, ನಿಜವಾದ ಬೇಸರದಿಂದ. “ಬೇಡಪ್ಪ, ಆ ಮೇಷ್ಟ್ರಿಗೆ ಅಲ್ಲಾಡ್ತಿದ್ರೇನೇ ಇಷ್ಟ ಅಂದ್ಬುಟ್ರು.”